ಕಳಸ ಹಿಡಿಯುವವಳ ಪೋನಿ

ತಂಗಿ,

ಗೆಳತಿಯ ಮದುವೆಯಲ್ಲಿ ಕಳಸಗಿತ್ತಿಯಾಗಿ ನಿಲ್ಲುವವಳು ನೀನು, ಹೆರಳು ಬೇಡ ಪೋನಿಯೇ ಆಗಬೇಕು ಎಂದು ಹಟ ಹಿಡಿದಿದ್ದೀ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ‘ನೀನರ ಒಂದು ಮಾತ ಹೇಳಬೇ ಅಕ್ಕಾ’ ಅಂದಳು. ಹೇಳುತ್ತೇನೆ, ಆದರೆ ಅವಳು ಅಂದುಕೊಂಡ ಮಾತನ್ನಲ್ಲ. ಪೋನಿ ಹಾಕಿಕೋ. ನನ್ನ ಅಡ್ಡಿ ಏನೂ ಇಲ್ಲ. ಆದರೆ ಯಾವ ಪೋನಿ, ಎಷ್ಟು ಎತ್ತರಕ್ಕೆ, ಯಾವ ಹೊತ್ತಿಗೆ ಎಂಬುದನ್ನು ಪಾರ್ಲರಿನವಳಿಗೆ ಬಿಟ್ಟುಕೊಡಬೇಡ. ಆ ದಿನ ನಿನಗೆ ಏನೇನು ಕೆಲಸವಿದೆ ಎಂದು ಮೊದಲು ಲೆಕ್ಕ ಹಾಕು, ಆಮೇಲೆ ಕನ್ನಡಿ ಮುಂದೆ ಕೂಡು.

ಮೊಬೈಲಿನ ಫೋಟೋಗಳಲ್ಲಿ ಮದುಮಗಳ ಗೆಳತಿಯರು ಬೆನ್ನು ತಿರುಗಿಸಿ, ಕುತ್ತಿಗೆ ಹೊರಳಿಸಿ ನಗುತ್ತ ನಿಂತಿರುತ್ತಾರೆ. ನಮ್ಮ ಜಮಖಂಡಿ ಕಡೆಯ ಮದುವೆಯಲ್ಲಿ ಕಳಸಗಿತ್ತಿಗೆ ಹಾಗೆ ನಿಲ್ಲಲು ಪುರುಸೊತ್ತು ಎಲ್ಲಿದೆ? ಅರಿಷಿಣ ಹಚ್ಚುವಾಗ ಮದುಮಗಳ ಪಕ್ಕದಲ್ಲಿ ಕೂತವಳಿಗೂ ಪಾಲು ಬರುತ್ತದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಸುರಗಿಯ ನೀರು ಹಾಕುವಾಗ ಹತ್ತಿರ ಇದ್ದವಳೂ ನೆನೆಯುತ್ತಾಳೆ. ಆಮೇಲೆ ಕಳಸ ಹಿಡಿದು ನಡೆಯಬೇಕು. ಒಂದು ಕೈಯಲ್ಲಿ ಕಳಸ, ಇನ್ನೊಂದರಲ್ಲಿ ಮದುಮಗಳ ಸೆರಗು, ಕಣ್ಣಿಗೆ ಬಿದ್ದ ಕೂದಲು ಸರಿಸಲು ಮೂರನೇ ಕೈ ಇಲ್ಲ. ಬೀಗರು ಬಂದರೆ ಆರತಿ. ಊಟದ ಹೊತ್ತಿಗೆ ಮದುಮಗಳ ತಾಟಿಗೆ ಏನು ಬಂತು, ಏನು ಬರಲಿಲ್ಲ ಎಂದು ನೋಡುವುದೂ ನಿನ್ನದೇ. ಜಮಖಂಡಿಯ ಮರಾಠಿ ಮನೆಗಳಲ್ಲಿ ಕರವಲಿ ಎಂದು ಮದುಮಗಳ ಹಿಂದೆ ನಿಲ್ಲುವ ಹುಡುಗಿಗೂ ಹೆಚ್ಚುಕಡಿಮೆ ಇದೇ ಪಾಡು.

ಅಕ್ಕಿಕಾಳಿನ ವಿಷಯವನ್ನಂತೂ ಬೇರೆಯೇ ಹೇಳಬೇಕು. ಕಾರ್ಯಾಲಯದ ಹಿಂದಿನ ಸಾಲಿನವರು ಕುರ್ಚಿ ಬಿಟ್ಟು ಏಳದೆ, ಬೀಸಿ ಒಗೆಯುತ್ತಾರೆ. ಅದು ಮದುಮಕ್ಕಳ ತನಕ ಹೋಗಿ ಮುಟ್ಟುವುದು ಎಷ್ಟೋ, ಸುತ್ತ ನಿಂತವರ ತಲೆಗೇ ಹೆಚ್ಚು. ಅಕ್ಕಿಯ ಜೊತೆ ಬಣ್ಣದ ಜೋಳವೂ ಇದ್ದರೆ, ಬಿಟ್ಟುಕೊಂಡ ಕೂದಲಲ್ಲಿ ಅದು ಹೊಕ್ಕು ಕೂತು ಸಂಜೆಯ ತನಕ ಒಂದೊಂದೇ ಉದುರುತ್ತಿರುತ್ತದೆ. ಮಷಿನ್ನಿನಿಂದ ಗುಂಗುರು ಮಾಡಿ ಸ್ಪ್ರೇ ಹೊಡೆದ ಕೂದಲಾದರೆ ಉದುರುವುದೂ ಇಲ್ಲ.

ಅದಕ್ಕೇ ಹಿರಿಯರು ‘ಕೂದಲಾ ಬಿಟಗೊಂಡು ಹಂದರದಾಗ ಬರಬ್ಯಾಡ್ರಿ’ ಅನ್ನುವುದು. ಅಶುಭ ಎಂದು ಹೇಳಿ ಮುಗಿಸಿಬಿಡುತ್ತಾರೆ, ನಿಮಗೆ ಸಿಟ್ಟು ಬರುತ್ತದೆ. ಬಿಚ್ಚಿದ ಮುಡಿಯ ಬಗ್ಗೆ ನಮ್ಮ ಸೀಮೆಗೆ ಇರುವ ಅಳುಕು ಹಳೆಯದು. 949ರಲ್ಲಿ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಬರೆದ ಗದಾಯುದ್ಧವನ್ನು ಕಾಲೇಜಿನಲ್ಲಿ ಓದಿರುತ್ತೀ. ಅಲ್ಲಿ ದುಶ್ಶಾಸನ ಹಿಡಿದೆಳೆದ ಮುಡಿಯನ್ನು ದ್ರೌಪದಿ ಕಟ್ಟಿಕೊಂಡಿಲ್ಲ. ಆ ಬಿಚ್ಚಿದ ಮುಡಿಯೇ ಭೀಮನನ್ನು ಕೆಣಕುತ್ತ ಹೋಗುತ್ತದೆ. ಮುಡಿ ಬಿಚ್ಚಿದೆ ಎಂದರೆ ಮನೆಯಲ್ಲಿ ತೀರದ ಲೆಕ್ಕವೊಂದು ಉಳಿದಿದೆ ಎಂದು ಅರ್ಥ. ಮದುವೆ ಮನೆಯಲ್ಲಿ ಅಜ್ಜಿಯರು ಮುಖ ಸಿಂಡರಿಸುವುದು ಅಂಥ ನೆನಪಿನಿಂದ ಇರಬಹುದು, ಬರೀ ಅಭ್ಯಾಸದಿಂದಲೂ ಇರಬಹುದು. ಪೋನಿ ಕಟ್ಟಿದ ಕೂದಲು, ಬಿಚ್ಚಿದ್ದಲ್ಲ. ಯಾರಾದರೂ ಕೇಳಿದರೆ ನಗುತ್ತಲೇ ಹಾಗೆ ಹೇಳು, ಜಗಳ ಮಾಡಬೇಡ.

ಇನ್ನು ಎಲ್ಲಿ ಕಟ್ಟಬೇಕು ಎಂಬುದು. ಇದನ್ನು ನಿನ್ನ ಮುಖ ತೀರ್ಮಾನಿಸುತ್ತದೆ ಎಂದು ಪಾರ್ಲರಿನವರು ಹೇಳುತ್ತಾರೆ. ನಮ್ಮಲ್ಲಿ ತೀರ್ಮಾನಿಸುವುದು ಸೆರಗು. ಸ್ವಾಮಿಗಳ ಪಾದಪೂಜೆ ಇದ್ದರೆ, ಹಿರಿಯರ ಕಾಲಿಗೆ ಬೀಳುವುದಿದ್ದರೆ, ಸೆರಗು ತಲೆಯ ಮೇಲೆ ಬರುತ್ತದೆ. ನೆತ್ತಿಯ ಮೇಲೆ ಕಟ್ಟಿದ ಪೋನಿಯ ಮೇಲೆ ಸೆರಗು ಹೊತ್ತರೆ ಬೆನ್ನ ಹಿಂದೆ ಗೋಪುರ ಎದ್ದಂತೆ ಕಾಣುತ್ತದೆ, ಜಾರಿ ಜಾರಿ ಬೀಳುತ್ತದೆ. ಅಕ್ಕಿಕಾಳಿನ ಹೊತ್ತಿಗೆ ಕುತ್ತಿಗೆಯ ಬುಡದಲ್ಲಿ, ನಡುಬೈತಲೆ ತೆಗೆದು, ಕಿವಿ ಅರ್ಧ ಮುಚ್ಚುವಂತೆ ಸಡಿಲಾಗಿ ತಂದು ಕಟ್ಟಿದ ತಗ್ಗಿನ ಪೋನಿಯೇ ಸರಿ. ಸೆರಗು ಅದರ ಮೇಲೆ ಮೆತ್ತಗೆ ಕೂಡುತ್ತದೆ. ಝುಮುಕಿಗೂ ಸಿಕ್ಕಿಕೊಳ್ಳುವುದಿಲ್ಲ. ನನ್ನ ಓಟು ಇದಕ್ಕೇ. ನೋಡಲು ಸಾದಾ ಎಂದು ಮೂಗು ಮುರಿಯಬೇಡ, ನೀನು ಉಡುವುದು ಇಳಕಲ್ ಸೀರೆ. ಅದರ ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು ಎಲ್ಲ ಇರುತ್ತದೆ. ಹಣಿಗೆ ಎಂಬ ಒಂದು ನಮೂನೆಯೂ ಇದೆ, ನಾವು ತಲೆ ಬಾಚುವ ಹಣಿಗೆಯದೇ ಆಕಾರ. ನೇಕಾರರು ಬಾಚಣಿಕೆಯನ್ನೇ ಸೆರಗಿಗೆ ಏರಿಸಿದ್ದಾರೆ, ಇನ್ನು ತಲೆಯ ಮೇಲೆ ಬೇರೆ ಆಡಂಬರ ಯಾಕೆ?

ತಗ್ಗಿನ ಪೋನಿಗೆ ಒಂದು ಉಪಾಯ ಹೇಳುತ್ತೇನೆ. ಗುಳೇದಗುಡ್ಡದ ಖಣದ ಕುಬುಸ ಹೊಲಿಸುತ್ತೀಯಲ್ಲ, ದರ್ಜಿಯ ಹತ್ತಿರ ಉಳಿದ ತುಂಡು ಬಿಡದೆ ಇಸಕೋ. ಎರಡು ಬೆರಳಗಲ ಪಟ್ಟಿ ಮಾಡಿಸಿ, ಅಂಚು ಮಡಚಿ ಹೊಲಿಸು. ರಬ್ಬರಿನ ಮೇಲೆ ಅದನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಕೆಳಗಡೆ ಪಿನ್ನಿನಿಂದ ಸಿಗಿಸಿದರೆ ಸಾಕು. ಕುಬುಸ, ಕೂದಲು ಎರಡೂ ಒಂದೇ ಬಣ್ಣದಲ್ಲಿ ಮಾತಾಡುತ್ತವೆ. ಅಂಗಡಿಯ ಹೊಳೆಯುವ ಕಲ್ಲಿನ ಕ್ಲಿಪ್ಪುಗಳು ಇದರ ಮುಂದೆ ಏನೂ ಅಲ್ಲ, ಮೇಲಾಗಿ ಇದಕ್ಕೆ ರೊಕ್ಕವೂ ಹತ್ತುವುದಿಲ್ಲ. ಖಣ ಇಲ್ಲದಿದ್ದರೆ ನಿನ್ನದೇ ಕೂದಲಿನ ಒಂದು ಎಳೆ ತೆಗೆದು ರಬ್ಬರಿಗೆ ಸುತ್ತಿ ಮರೆಮಾಡು.

ಎತ್ತರದ ಪೋನಿ ಬೇಡವೇ ಬೇಡ ಎನ್ನುವುದಿಲ್ಲ. ಅರಿಷಿಣದ ದಿನಕ್ಕೆ, ಮೆರವಣಿಗೆಯಲ್ಲಿ ಹಲಗೆ ಬಾರಿಸುವಾಗ ಕುಣಿಯುವುದಕ್ಕೆ ಅದೇ ಚಂದ. ಕುತ್ತಿಗೆ ಬೆವರುವುದಿಲ್ಲ, ಅರಿಷಿಣ ಹತ್ತುವುದಿಲ್ಲ. ನಮ್ಮಲ್ಲಿ ಮದುವೆಗಳು ಮೇ ತಿಂಗಳಲ್ಲೇ ಸಾಲುಗಟ್ಟಿ ಬರುತ್ತವೆ, ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಕಾಲ. ಆಗ ನೆತ್ತಿಯ ಪೋನಿ ದೊಡ್ಡ ಉಪಕಾರ. 1959ರಲ್ಲಿ ಅಮೆರಿಕದಲ್ಲಿ ಮೊದಲ ಬಾರ್ಬಿ ಗೊಂಬೆ ಮಾರಾಟಕ್ಕೆ ಬಂದಾಗ ಅದರ ತಲೆಯ ಮೇಲೂ ಇದೇ ಪೋನಿ ಇತ್ತು. ಎರಡು ಹೆರಳು ಮಡಚಿ ಕೆಂಪು ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಹೋದ ನಮ್ಮ ಕಾಲದ ಹುಡುಗಿಯರಿಗೆ ಅದು ಕನಸಿನಲ್ಲೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾವೂ ಹಟ ಹಿಡಿಯುತ್ತಿದ್ದೆವೋ ಏನೋ.

ಆದರೆ ಎತ್ತರದ ಪೋನಿಗೆ ಚೌರಿ ಸೇರಿಸಬೇಡ. ಕೂದಲು ತೆಳ್ಳಗಿದೆ, ಉದ್ದ ಕಾಣಬೇಕು ಎಂದರೆ ಬೇರೆ ದಾರಿ ಇದೆ. ಮೇಲಿನ ಅರ್ಧ ಕೂದಲನ್ನು ಒಂದು ಪೋನಿ, ಕೆಳಗಿನ ಅರ್ಧವನ್ನು ಅದರ ಕೆಳಗೇ ಇನ್ನೊಂದು ಪೋನಿ ಮಾಡಿ, ಮೇಲಿನದರಿಂದ ಕೆಳಗಿನದನ್ನು ಮುಚ್ಚಿಬಿಡು. ದೂರದಿಂದ ಒಂದೇ ಕಾಣುತ್ತದೆ, ಗಿಡ್ಡ ಕೂದಲೂ ಉದ್ದ ಕಾಣುತ್ತದೆ, ತೂಕವೂ ಎರಡು ಕಡೆ ಹಂಚಿಹೋಗುತ್ತದೆ. ಚೌರಿ ಹೆರಳಿಗೆ ಹೊಂದುವ ವಸ್ತು. ನೆತ್ತಿಯಿಂದ ತೂಗಿದರೆ ಅದರ ಭಾರವೆಲ್ಲ ಹಣೆಯ ಅಂಚಿನ ಸಣ್ಣ ಕೂದಲ ಬುಡಕ್ಕೆ.

ಈಗ ಹುಡುಗಿಯರು ಪೋನಿಗೆ ನಾಲ್ಕು ಬೆರಳಿಗೊಂದು ರಬ್ಬರ್ ಹಾಕಿ, ನಡುವಿನ ಕೂದಲನ್ನು ಉಬ್ಬಿಸಿ ಗುಳ್ಳೆ ಗುಳ್ಳೆ ಮಾಡಿಕೊಳ್ಳುತ್ತಾರೆ. ಮೊದಲ ಸಲ ನೋಡಿದಾಗ ನಗು ಬಂತು, ಆಮೇಲೆ ಒಳ್ಳೆಯದೇ ಎನಿಸಿತು. ಒಂದೊಂದು ರಬ್ಬರಿನ ಮೇಲೆ ನಿಮ್ಮಜ್ಜಿಯ ಜಡೆಬಿಲ್ಲೆ ಒಂದೊಂದು ಸಿಗಿಸಬಹುದು. ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಬಿಲ್ಲೆಗಳಿಗೆ ಒಂದು ಕೆಲಸ. ಕೂದಲು ಗುಂಗುರಾಗಿದ್ದರೆ ಅದನ್ನು ಸುಟ್ಟು ನೆಟ್ಟಗೆ ಮಾಡಿಸಬೇಡ, ಒಂದು ಪಕ್ಕಕ್ಕೆ ತಂದು ಕಟ್ಟಿ ಭುಜದ ಮೇಲೆ ಬಿಟ್ಟರೆ ಅದಕ್ಕಿಂತ ಚಂದ ಇಲ್ಲ. ಬಾಬ್ ಮಾಡಿಸಿದವರು ಮುಂದಿನ ಕೂದಲನ್ನಷ್ಟೇ ಹಿಂದಕ್ಕೆ ತಂದು ಅರ್ಧ ಪೋನಿ ಹಾಕಿಕೊಂಡರೆ ಆಯಿತು.

ಆರತಿ ಹಿಡಿಯುವವಳಿಗೆ ಮಾತ್ರ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೇರ್ ಸ್ಪ್ರೇಯಲ್ಲಿ ಸ್ಪಿರಿಟ್ಟೂ ಇರುತ್ತದೆ, ಹೊತ್ತಿಕೊಳ್ಳುವ ಗ್ಯಾಸೂ ಇರುತ್ತದೆ. ದೀಪ, ಹೋಮ, ಒಲೆ ಇರುವ ಕಡೆ ಅದನ್ನು ಹೊಡೆದುಕೊಳ್ಳಲೇಬೇಡ. ಹೊಡೆದ ಮೇಲೆ ಪೂರ್ತಿ ಒಣಗುವ ತನಕ ಆರತಿ ತಾಟಿನ ಹತ್ತಿರ ಹೋಗಬೇಡ. ಆರತಿ ಎತ್ತುವಾಗ ಬಾಗುತ್ತೀ, ಉದ್ದ ಪೋನಿ ಭುಜದಿಂದ ಮುಂದಕ್ಕೆ ಜಾರುತ್ತದೆ, ತಾಟಿನಲ್ಲಿ ಬತ್ತಿ ಉರಿಯುತ್ತಿರುತ್ತದೆ. ಆ ಹೊತ್ತಿಗೆ ಪೋನಿಯ ಬಾಲವನ್ನು ಸಡಿಲಾಗಿ ಹೆಣೆದು ತುದಿಗೆ ರಬ್ಬರ್ ಹಾಕಿಬಿಡು, ಆರತಿ ಮುಗಿದ ಮೇಲೆ ಬಿಚ್ಚು. ನಿಮ್ಮವ್ವನಿಗೂ ಸ್ವಲ್ಪ ಹೊತ್ತು ಹೆರಳು ನೋಡಿದ ಸಮಾಧಾನ.

ಗೆಳತಿಯರೆಲ್ಲ ಒಂದೇ ನಮೂನೆ ಹಾಕಿಕೊಳ್ಳಬೇಕು ಎಂದು ಗ್ರೂಪಿನಲ್ಲಿ ಚರ್ಚೆ ನಡೆದಿದೆಯಂತೆ. ನನಗೆ ಒಪ್ಪಿಗೆ ಇಲ್ಲ. ಒಬ್ಬಳ ಕೂದಲು ಮೊಣಕಾಲಿಗೆ, ಇನ್ನೊಬ್ಬಳದು ಭುಜಕ್ಕೆ. ಇಬ್ಬರಿಗೂ ಒಂದೇ ಪೋನಿ ಎಂದರೆ ಒಬ್ಬಳಿಗೆ ಚೌರಿಯ ಖರ್ಚು, ಇನ್ನೊಬ್ಬಳಿಗೆ ತಲೆನೋವು. ನಮ್ಮ ಜಿಲ್ಲೆಯಲ್ಲೇ ಇರುವ ಬಾದಾಮಿಗೆ ಹೋಗಿ ಮೂರನೆಯ ಗುಹೆಯ ಕಂಬದ ಮೇಲಿನ ಜೋಡಿಗಳನ್ನು ಕತ್ತೆತ್ತಿ ನೋಡು. 578ರ ಶಾಸನ ಇರುವ ಗುಹೆ ಅದು. ಆ ಹೆಂಗಸರ ತಲೆಯ ಮೇಲೆ ಎಷ್ಟು ಬಗೆಯ ಮುಡಿ! ಕೆತ್ತಿದವರಿಗೆ ಒಂದೇ ಅಚ್ಚು ಸಾಕು ಅನಿಸಲಿಲ್ಲ. ನಿಮಗೆ ಒಂದೇ ಎನಿಸಬೇಕಾದರೆ ಖಣದ ಪಟ್ಟಿಯ ಬಣ್ಣ ಒಂದೇ ಇರಲಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮೇಲೆ ಬದುಕುವ ಮನೆಯ ಹುಡುಗಿಯೂ ನಿಮ್ಮ ಗುಂಪಿನಲ್ಲಿದ್ದಾಳೆ. ಪಾರ್ಲರಿನ ಬಿಲ್ಲು ಎಲ್ಲರಿಗೂ ಹಗುರ ಅಲ್ಲ, ಅವಳು ಬಾಯಿಬಿಟ್ಟು ಹೇಳುವುದೂ ಇಲ್ಲ.

ಬಿಗಿಯ ವಿಷಯ. ಪೋನಿ ಕಟ್ಟಿಸಿಕೊಂಡ ಮೇಲೆ ಹುಬ್ಬು ಮೇಲೆತ್ತಿ ನೋಡು. ಹಣೆಯ ಚರ್ಮ ಜಗ್ಗಿದಂತಾದರೆ, ಕಣ್ಣಿನ ಅಂಚು ಮೇಲಕ್ಕೆ ಎಳೆದಂತಾದರೆ, ಪಾರ್ಲರಿನವಳು ಏನೇ ಹೇಳಲಿ, ಸಡಿಲ ಮಾಡಿಸು. ಬಿಗಿ ಪೋನಿಯಿಂದ ಬರುವ ತಲೆನೋವು ನಿಜವಾದದ್ದು, ಬಿಚ್ಚಿದರೆ ಹೋಗುತ್ತದೆ. ಆದರೆ ವರ್ಷಗಟ್ಟಲೆ ಬಿಗಿದು ಕಟ್ಟಿದವರ ಕಿವಿಯ ಮೇಲ್ಗಡೆ, ಹಣೆಯ ಅಂಚಿನಲ್ಲಿ ಕೂದಲು ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಚರ್ಮದ ಡಾಕ್ಟರು ಇದನ್ನು ಟ್ರ್ಯಾಕ್ಷನ್ ಅಲೊಪೀಶಿಯಾ ಎನ್ನುತ್ತಾರೆ. ಬೇಗ ಬಿಟ್ಟರೆ ಕೂದಲು ಮತ್ತೆ ಬರುತ್ತದೆ, ಬುಡವೇ ಮುಚ್ಚಿಹೋದ ಮೇಲೆ ಬರುವುದಿಲ್ಲ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ ಎಂಬುದು ನೆನಪಿರಲಿ. ಪೊಟ್ಟಣ ಕಟ್ಟುವ ಬರೀ ರಬ್ಬರನ್ನು ಕೂದಲಿಗೆ ಹಾಕಬೇಡ, ಅರಿವೆ ಸುತ್ತಿದ ರಬ್ಬರ್ ಹಾಕು.

ತಲೆ ಎರೆದುಕೊಳ್ಳುವುದು ಮದುವೆಯ ಹಿಂದಿನ ದಿನ. ಅದೇ ಬೆಳಗ್ಗೆ ಎರೆದುಕೊಂಡ ಕೂದಲು ಪಿನ್ನಿಗೆ ನಿಲ್ಲದೆ ಜಾರುತ್ತದೆ, ಹಸಿಯಾಗಿ ಕಟ್ಟಿದರೆ ಕಡಿದುಹೋಗುತ್ತದೆ. ನಮ್ಮ ಬೋರಿನ ಗಡಸು ನೀರಿಗೆ ಸೀಗೆಕಾಯಿ, ಅಂಟವಾಳ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಶಾಂಪೂ ಬೇಕೆಂದರೆ ಅದೂ ಆಗಲಿ. ಸಿಕ್ಕು ಬಿಡಿಸುವಾಗ ತುದಿಯಿಂದ ಶುರು ಮಾಡಿ ಮೇಲಕ್ಕೆ ಬಾ. ಕರ್ಲಿಂಗ್ ಮಷಿನ್ ನಂಬಿಕೊಂಡು ಕೂಡಬೇಡ, ನಸುಕಿನಲ್ಲಿ ಕರೆಂಟು ಹೋದರೆ ಅರ್ಧ ತಲೆ ಗುಂಗುರು, ಅರ್ಧ ನೆಟ್ಟಗೆ. ನಿಬ್ಬಣ ಬೀಳಗಿಗೆ ಹೊರಟರೆ ಕ್ರೂಸರಿನ ಕಿಟಕಿ ತೆರೆದೇ ಇರುತ್ತದೆ, ಧೂಳು ಕಟ್ಟಿಟ್ಟದ್ದು. ಒಂದು ಹತ್ತಿಯ ಪಂಚೆಯಲ್ಲಿ ಪೋನಿ ಸುತ್ತಿಕೊಂಡು ಕೂಡು, ಕಾರ್ಯಾಲಯದ ಬಾಗಿಲಲ್ಲಿ ಬಿಚ್ಚು.

ಹೂವು ಪೋನಿಯ ಬಾಲಕ್ಕಲ್ಲ, ಬುಡಕ್ಕೆ. ಮಲ್ಲಿಗೆ ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಕಂದುತ್ತದೆ. ಅಬ್ಬಲಿಗೆಗೆ ವಾಸನೆ ಇಲ್ಲ, ಆದರೆ ಸಂಜೆಯ ತನಕ ಬಣ್ಣ ಬಿಡುವುದಿಲ್ಲ. ಎರಡನ್ನೂ ಕೂಡಿಸಿ ಕಟ್ಟಿದ ಮಾಲೆ ತರಿಸು. ಶಾವಂತಿಗೆ ಭಾರ, ನಿನಗೆ ಬೇಡ. ಬಂದ ಹೆಂಗಸರಿಗೆಲ್ಲ ಹೂವು ಕೊಡುವ ತಾಟು ಸಾಮಾನ್ಯವಾಗಿ ಕಳಸಗಿತ್ತಿಯ ಕೈಗೇ ಬರುತ್ತದೆ. ಗಂಡ ಇಲ್ಲದ ಅತ್ತೆಯೋ ಚಿಗವ್ವನೋ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ನೀನು ತಾಟು ಹಿಂದಕ್ಕೆ ಎಳೆದುಕೊಳ್ಳಬೇಡ. ಮುಡಿಯುವುದು ಬಿಡುವುದು ಅವರ ಇಷ್ಟ. ಕೇಳದೆ ದಾಟಿಹೋಗುವುದು ನಮ್ಮ ತಪ್ಪು, ಆ ತಪ್ಪನ್ನು ನಮ್ಮ ತಲೆಮಾರು ಬಹಳ ಮಾಡಿದೆ.

ರಾತ್ರಿ ಎಷ್ಟೇ ದಣಿದಿದ್ದರೂ ಪೋನಿ ಬಿಚ್ಚದೆ ಮಲಗಬೇಡ. ಪಿನ್ನುಗಳನ್ನು ಬೇರೆಯವರಿಂದ ತೆಗೆಸಿಕೋ, ಬೆಳಗ್ಗೆ ಎಷ್ಟು ಸಿಗಿಸಿದ್ದರು ಎಂದು ಎಣಿಸಿಟ್ಟುಕೊಂಡಿದ್ದರೆ ಒಂದೂ ಒಳಗೆ ಉಳಿಯುವುದಿಲ್ಲ. ಸ್ಪ್ರೇ ಹೊಡೆದ ಕೂದಲನ್ನು ಒಣಗಿದ್ದಾಗಲೇ ಬಾಚಬೇಡ, ಅಂಗೈಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ ತುದಿಗೆ ಹಚ್ಚಿ, ಬೆರಳಿನಿಂದ ಬಿಡಿಸಿ, ಮರುದಿನ ತೊಳೆದುಕೋ. ಆಮೇಲೆ ಎರಡು ದಿನ ಸಡಿಲ ಹೆರಳು ಸಾಕು, ಯಾವ ಪೋನಿಯೂ ಬೇಡ.

ನಿಮ್ಮ ದೊಡ್ಡವ್ವ