ಒಯ್ದವರು ಎಲ್ಲಿಟ್ಟಿದ್ದಾರೆ? ಕೇಳುವುದು ನಮ್ಮ ಹಕ್ಕು

ಕವಲಾಪುರಕ್ಕೆ ಸಾಂಗಲಿ ದೂರವಲ್ಲ. 2017ರ ನವೆಂಬರ್ ತಿಂಗಳಲ್ಲಿ ಸಾಂಗಲಿ ಶಹರ ಪೊಲೀಸರು ಒಬ್ಬ ತರುಣನನ್ನು ಹಿಡಿದರು. "ಅವ ತಪ್ಪಿಸಿಕೊಂಡು ಓಡಿಹೋದ" ಅಂತ ಆಮೇಲೆ ಹೇಳಿದರು. ಮನೆಯವರು ನಂಬಲಿಲ್ಲ. ಬಿಡದೆ ಕೇಳಿದರು. ಕೊನೆಗೆ ನಿಜ ಹೊರಬಿತ್ತು. ತರುಣ ಪೊಲೀಸರ ವಶದಲ್ಲೇ ಸತ್ತಿದ್ದ. ಶವವನ್ನು ಆಂಬೋಲಿಗೆ ಒಯ್ದು ಸುಟ್ಟಿದ್ದರು. ಆಮೇಲೆ ಪೊಲೀಸರೇ ಆರೋಪಿಗಳಾದರು.

ಜಾತ್ರೆಯಲ್ಲಿ ಒಬ್ಬರು ತಪ್ಪಿಸಿಕೊಂಡರೆ ಅದು ಬೇರೆ ಮಾತು. ಸರಕಾರದ ಮಂದಿಯೇ ಹಿಡಿದು ಒಯ್ಯುತ್ತಾರೆ. "ನಮಗೆ ಗೊತ್ತಿಲ್ಲ" ಅನ್ನುತ್ತಾರೆ. ಎಲ್ಲಿದ್ದಾನೆ ಎಂಬುದನ್ನು ಮುಚ್ಚಿಡುತ್ತಾರೆ. ಇದಕ್ಕೆ ಬಲವಂತದ ಕಣ್ಮರೆ ಎನ್ನುತ್ತಾರೆ.

ಮೊದಲು ಇಲ್ಲಿ ಕೇಳಿರಿ

ಪೊಲೀಸರು ಯಾರನ್ನೇ ಬಂಧಿಸಲಿ, 24 ತಾಸಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಪ್ರಯಾಣದ ಹೊತ್ತು ಮಾತ್ರ ಇದರಲ್ಲಿ ಸೇರುವುದಿಲ್ಲ. ಇದು ಸಂವಿಧಾನದ 22ನೇ ಕಲಮು. ಹಾಗೆ ನಿಲ್ಲಿಸದಿದ್ದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. "ಆ ಮನುಷ್ಯನನ್ನು ನಮ್ಮ ಮುಂದೆ ತನ್ನಿ" ಎಂದು ಕೋರ್ಟು ಆಜ್ಞೆ ಮಾಡುತ್ತದೆ. ಇದಕ್ಕಾಗಿ ಈಗ ಮುಂಬಯಿಗೆ ಹೋಗಬೇಕಿಲ್ಲ. 2025ರ ಆಗಸ್ಟ್‌ನಿಂದ ಕೊಲ್ಹಾಪುರದಲ್ಲೇ ಹೈಕೋರ್ಟಿನ ಪೀಠ ಇದೆ. ವಕೀಲರಿಗೆ ಕೊಡಲು ರೊಕ್ಕ ಇಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿರಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಆದರೆ ಒಂದು ವರ್ಷದೊಳಗೆ ಬರೆಯಬೇಕು.

ದೇಶದ ಹೊರಗೂ ಒಂದು ಬಾಗಿಲು

ಜಗತ್ತಿನ ದೇಶಗಳೆಲ್ಲ ಸೇರಿದ ಸಂಸ್ಥೆ ವಿಶ್ವಸಂಸ್ಥೆ. ಕಣ್ಮರೆಯಾದವರನ್ನು ಹುಡುಕಲು ಅದು 1980ರಲ್ಲಿ ಒಂದು ಕಾರ್ಯತಂಡ ಮಾಡಿತು. ಅದರಲ್ಲಿ 5 ಜನ ತಜ್ಞರಿದ್ದಾರೆ. ಕಚೇರಿ ಜಿನೀವಾದಲ್ಲಿದೆ. ಮನೆಯವರೇ ಅದಕ್ಕೆ ಬರೆಯಬಹುದು. ಅವರ ಒಪ್ಪಿಗೆ ಪಡೆದು ಒಂದು ಸಂಸ್ಥೆಯೂ ಬರೆಯಬಹುದು. ಶುಲ್ಕ ಇಲ್ಲ. ಇಲ್ಲಿಯ ಕೋರ್ಟಿನ ಕೆಲಸ ಮುಗಿಯಲಿ ಅಂತ ಕಾಯಬೇಕಿಲ್ಲ. ಕಣ್ಮರೆಯಾಗಿ 3 ತಿಂಗಳೊಳಗೆ ಬರೆದರೆ ತುರ್ತು ಎಂದು ತೆಗೆದುಕೊಳ್ಳುತ್ತಾರೆ. ತಡವಾದರೂ ಬರೆಯಬಹುದು.

ಈ ತಂಡ ಕೋರ್ಟು ಅಲ್ಲ. ಶಿಕ್ಷೆ ಕೊಡುವುದಿಲ್ಲ, ಪರಿಹಾರವನ್ನೂ ಕೊಡುವುದಿಲ್ಲ. "ಈ ಮನುಷ್ಯ ಎಲ್ಲಿ?" ಎಂದು ನಮ್ಮ ಸರಕಾರವನ್ನು ಕೇಳುತ್ತದೆ. ಬಂದ ಉತ್ತರವನ್ನು ಮನೆಯವರಿಗೆ ತಿಳಿಸುತ್ತದೆ. ಕಣ್ಮರೆಯ ವಿರುದ್ಧದ ಜಾಗತಿಕ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಮಾಡಿದೆ. ಇನ್ನೂ ಅನುಮೋದಿಸಿಲ್ಲ. ಆದರೂ ಈ ತಂಡಕ್ಕೆ ಬರೆಯಲು ಅಡ್ಡಿಯಿಲ್ಲ.

ಏನು ಬರೆಯಬೇಕು?

1. ಕಣ್ಮರೆಯಾದವರ ಪೂರ್ತಿ ಹೆಸರು.
2. ಯಾವ ದಿನ, ತಿಂಗಳು, ವರ್ಷ.
3. ಕೊನೆಗೆ ಕಂಡ ಜಾಗ.
4. ಒಯ್ದವರು ಯಾರು? ಸಮವಸ್ತ್ರ ಇತ್ತೇ? ಗಾಡಿಯ ನಂಬರು ಏನು?
5. ಮನೆಯವರು ಎಲ್ಲೆಲ್ಲಿ ಹುಡುಕಿದರು, ಯಾರಿಗೆ ಅರ್ಜಿ ಕೊಟ್ಟರು.
6. ಬರೆಯುವವರ ಹೆಸರು, ವಿಳಾಸ, ಸಹಿ.

ಮೊದಲು ಕನ್ನಡದಲ್ಲೇ ಬರೆದಿಡಿರಿ. ಇಂಗ್ಲಿಷಿಗೆ ಮಾಡಲು ವಕೀಲರ ನೆರವು ಪಡೆಯಿರಿ. ಪ್ರತಿ ಅರ್ಜಿಯ ನಕಲು ಇಟ್ಟುಕೊಳ್ಳಿರಿ. ಪಾವತಿ ಕೇಳಿ ಪಡೆಯಿರಿ. ಬಾಯಿಮಾತನ್ನು "ಇಲ್ಲ" ಎನ್ನುವುದು ಸುಲಭ. ತಾರೀಖು ಇರುವ ಕಾಗದವನ್ನು "ಇಲ್ಲ" ಎನ್ನುವುದು ಕಷ್ಟ. ನೀವು ಕಲಿತ ಅಕ್ಷರ ಅಂಥ ಹೊತ್ತಿಗೆ ನೆರೆಮನೆಯವರಿಗೂ ಆಸರೆ.

ಅಭ್ಯಾಸ

1. ಬಂಧಿಸಿದವರನ್ನು ಎಷ್ಟು ತಾಸಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು?
2. ತುರ್ತು ಎಂದು ತೆಗೆದುಕೊಳ್ಳಲು ಎಷ್ಟು ತಿಂಗಳೊಳಗೆ ಕಾರ್ಯತಂಡಕ್ಕೆ ಬರೆಯಬೇಕು?
3. ನಿಮ್ಮ ಮನೆಯ ಎಲ್ಲರ ಪೂರ್ತಿ ಹೆಸರು, ಹುಟ್ಟಿದ ವರ್ಷ ಬರೆಯಿರಿ.