ಇಟ್ಟು ಬನ್ನಿ, ಯಾರಾದರೂ ಒಯ್ಯಲಿ: ದಾರಿಬದಿಯ ಪುಟ್ಟ ಕಲೆಗೆ ಒಂಬತ್ತು ಸೂತ್ರಗಳು

ನಾನು ಮೊದಲ ಸಲ ಇಟ್ಟದ್ದು ಸುಟ್ಟ ಮಣ್ಣಿನ ಒಂದು ಗೂಬೆ. ಅಂಗೈಯಷ್ಟು ಗಾತ್ರ, ಕಣ್ಣು ಚೆನ್ನಾಗಿ ಬಂದಿತ್ತು. ಕೊರಳಿಗೆ ಕೆಂಪು ದಾರ ಕಟ್ಟಿ, ನಮ್ಮ ಬಡಾವಣೆಯ ಅಶ್ವತ್ಥಕಟ್ಟೆಯ ಮೇಲೆ ಕೂರಿಸಿ ಬಂದೆ. ಯಾರಾದರೂ ಮನೆಗೆ ಒಯ್ದು ಕಿಟಕಿಯಲ್ಲಿ ಇಟ್ಟುಕೊಳ್ಳಲಿ ಎಂಬ ಆಸೆ. ಎರಡು ದಿನ ಅದು ಕೂತಲ್ಲೇ ಕೂತಿತ್ತು. ಪ್ರದಕ್ಷಿಣೆ ಹಾಕುವವರು ಆ ಮೂಲೆ ಬಂದಾಗ ಸೆರಗು ಎಳೆದುಕೊಂಡು ಸರಿದು ಹೋಗುತ್ತಿದ್ದರು. ಮೂರನೆಯ ದಿನ ಪಕ್ಕದ ಹೂವಿನಾಕೆ ನನಗೇ ಎಚ್ಚರಿಕೆ ಹೇಳಿದಳು: "ಮುಟ್ಬೇಡಿ, ಯಾರೋ ಮಾಡಿಸಿ ಇಟ್ಟವ್ರೆ."

ಗೂಬೆ, ಕೆಂಪು ದಾರ, ಅಶ್ವತ್ಥಕಟ್ಟೆ. ಮೂರನ್ನೂ ಒಟ್ಟಿಗೆ ತಂದವಳು ನಾನೇ. ಆಕೆ ತನ್ನ ಊರಿನ ಭಾಷೆಯಲ್ಲಿ ಅದನ್ನು ಸರಿಯಾಗಿಯೇ ಓದಿದ್ದಳು. ಅಂದಿನಿಂದ ಈ ಕೆಲಸದಲ್ಲಿ ಯಶಸ್ಸಿಗೆ ನನ್ನ ಅಳತೆ ಒಂದೇ: ಗುರುತಿಲ್ಲದ ಒಂದು ಕೈ ಅಂಜದೆ ಮುಂದೆ ಬಂತೇ? ಕೆಳಗಿನ ಸೂತ್ರಗಳೆಲ್ಲ ಆ ಕೈಗಾಗಿ.

1. ಮೊದಲು ಅಂಜಿಕೆ ಕಳೆಯಿರಿ

ನಮ್ಮಲ್ಲಿ ದಾರಿಯಲ್ಲಿ ಬಿದ್ದ ವಸ್ತುವಿಗೆ ತನ್ನದೇ ಅರ್ಥಗಳಿವೆ. ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣು, ನಿವಾಳಿಸಿ ಒಡೆದ ಕುಂಬಳ, ಕುಂಕುಮದ ನೀರು, ಇವನ್ನು ದಾಟಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಆದ್ದರಿಂದ ಕೆಂಪು ಬಟ್ಟೆಯ ಗಂಟು ಬೇಡ, ಕಪ್ಪು ದಾರ ಬೇಡ, ಅರಿಸಿನ ಕುಂಕುಮ ಹಚ್ಚಿದಂತೆ ಕಾಣುವ ಬಣ್ಣದ ಜೋಡಿ ಬೇಡ. ಮನುಷ್ಯರೂಪದ ಬಟ್ಟೆಯ ಬೊಂಬೆಯಂತೂ ಬೇಡವೇ ಬೇಡ. ಅಮಾವಾಸ್ಯೆಯ ದಿನ ಮನೆಯಲ್ಲೇ ಇರಿ. ದೇವರ ಚಿತ್ರವನ್ನೂ ಬಿಡಿ. ಅದು ನೆಲದ ಮೇಲಿದ್ದರೆ ಕಂಡವರಿಗೆ ನೋವು, ಕಸದ ಗಾಡಿಗೆ ಹೋದರೆ ಇನ್ನಷ್ಟು ನೋವು. ಗಿಳಿ, ಆಮೆ, ಮೀನು, ಹಲಸಿನ ಹಣ್ಣು, ಡಬಲ್ ಡೆಕ್ಕರ್ ಬಸ್ಸು: ಕಂಡ ಕೂಡಲೇ ನಗು ತರಿಸುವಂಥವು ಬೇಗ ಮನೆ ಸೇರುತ್ತವೆ.

ಇನ್ನೊಂದು ಅಂಜಿಕೆ ಹೊಸದು, ಹೆಚ್ಚು ಗಂಭೀರವಾದದ್ದು. 2014ರ ಡಿಸೆಂಬರಿನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಬಾಂಬ್ ಸಿಡಿದಿದ್ದನ್ನು, 2024ರ ಮಾರ್ಚ್ 1ರಂದು ಬೆಂಗಳೂರಿನದೇ ಒಂದು ಹೋಟೆಲಿನಲ್ಲಿ ಬಿಟ್ಟುಹೋದ ಚೀಲ ಸ್ಫೋಟಿಸಿದ್ದನ್ನು ಕಂಡ ಊರು ಇದು. ಹೀಗಾಗಿ ಡಬ್ಬಿ, ಪೊಟ್ಟಣ, ಚೀಲ ಯಾವುದನ್ನೂ ಬಳಸಬೇಡಿ. ನೀವು ಮಾಡಿದ್ದು ಬಿಚ್ಚಿಟ್ಟಂತೆ, ಹತ್ತು ಅಡಿ ದೂರದಿಂದಲೇ ಇಂಥದ್ದೆಂದು ತಿಳಿಯುವಂತೆ ಇರಲಿ.

2. ಚೀಟಿಯೇ ಅರ್ಧ ಕಲಾಕೃತಿ

ಕಲೆಯ ಮೇಲೆ ಒಂದು ವಾರ ಕೂತು, ಚೀಟಿಯನ್ನು ಹೊರಡುವಾಗ ಗೀಚುವವರಿದ್ದಾರೆ. ತಿರುಗಿಸಿ ಮಾಡಿ ಎನ್ನುತ್ತೇನೆ. ಮುಟ್ಟುವ ಮೊದಲು ಜನ ಓದುವುದು ಚೀಟಿಯನ್ನೇ. ನಾನು ಬರೆಯುವುದು ಇಷ್ಟು: "ಇದು ಕಳೆದುಹೋದದ್ದಲ್ಲ. ನಿಮಗೆಂದೇ ಇಟ್ಟದ್ದು. ಇಷ್ಟವಾದರೆ ಮನೆಗೆ ಒಯ್ಯಿರಿ, ದುಡ್ಡು ಬೇಡ. ಕೈಯಿಂದ ಮಾಡಿದ್ದು." ಮೊದಲ ವಾಕ್ಯ ಬಹಳ ಮುಖ್ಯ. ಪ್ರಾಮಾಣಿಕರೇ ಮೊದಲು ಹಿಂಜರಿಯುವವರು. ಪರರ ಸ್ವತ್ತು ಎಂದು ಬಿಟ್ಟುಹೋಗುತ್ತಾರೆ.

ಅಕ್ಷರ ದಪ್ಪಗಿರಲಿ, ನಿಂತಲ್ಲಿಂದಲೇ ಓದುವಂತಿರಲಿ. ಕನ್ನಡದ ಕೆಳಗೆ ಆ ಬೀದಿ ಆಡುವ ಇನ್ನೊಂದು ಭಾಷೆಯೂ ಇರಲಿ. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಬೆಳಗಾವಿಯ ಪೇಟೆಯಲ್ಲಿ ಮರಾಠಿ. ಓದು ಬಾರದವರ ಪಾಲಿಗೆ ಒಂದು ಚಾಚಿದ ಅಂಗೈ ಚಿತ್ರ ಸಾಕು.

3. ಅಂಗೈಗೆ ಹಿಡಿಸುವಷ್ಟು

ಬಸ್ಸಿನಲ್ಲಿ ನಿಂತು ಹೋಗುವವರ ಜೇಬಿಗೆ ಹಿಡಿಸಬೇಕು. ಚೂಪು ಅಂಚು, ಸೂಜಿ, ಮಗು ನುಂಗುವ ಮಣಿ ಇರಬಾರದು.

4. ಉಳಿಕೆಯನ್ನು ಇಡಬೇಡಿ

ಚೆನ್ನಾಗಿ ಬಾರದ್ದನ್ನು, ಯಾರೂ ಕೊಳ್ಳದ್ದನ್ನು ಬೀದಿಗೆ ತರುವ ಮನಸ್ಸು ಎಲ್ಲರಿಗೂ ಒಮ್ಮೆ ಬರುತ್ತದೆ. ದಾನದ ಹಸುವಿನ ಹಲ್ಲು ಎಣಿಸಬಾರದು ಎಂಬುದು ಪಡೆಯುವವರಿಗೆ ಹೇಳಿದ ಮಾತು. ಕೊಡುವವರು ಎಣಿಸಿಯೇ ಕೊಡಬೇಕು.

ಬೆಲೆಬಾಳುವ ವಸ್ತು ಬೇಕೆಂದಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನಲ್ಲಿ 'ಮೈ ಡಾಗ್ ಸೈಸ್' ಎಂಬ ಹೆಸರಿನ ಕಲಾವಿದರೊಬ್ಬರು ತುಳಿದು ಚಪ್ಪಟೆಯಾದ ತಗಡಿನ ಡಬ್ಬಿಗಳ ಮೇಲೆ ಮುಖ ಬರೆದು ಬೀದಿಯಲ್ಲಿ ಬಿಡುತ್ತಿದ್ದರು. 'ಫ್ರೀ ಆರ್ಟ್ ಫ್ರೈಡೇ' ಎಂದು ಶುಕ್ರವಾರದ ಆ ಅಭ್ಯಾಸವನ್ನು ಮುಂದೆ ಎಷ್ಟೋ ಊರುಗಳ ಕಲಾವಿದರು ತಮ್ಮದಾಗಿಸಿಕೊಂಡರು. ಡಬ್ಬಿ ಕಸದ್ದೇ; ಮುಖ ಬರೆದ ಕೈ ಮಾತ್ರ ಅವಸರ ಮಾಡಿರಲಿಲ್ಲ.

5. ಜಾಗಕ್ಕೆ ತಕ್ಕ ವಸ್ತು

ಇದರಲ್ಲಿ ಎಡಿನ್‌ಬರೊ ನಗರದ ಆ ಹೆಸರಿಲ್ಲದ ಹೆಂಗಸನ್ನು ಮೀರಿಸಿದವರನ್ನು ನಾನು ಕಾಣೆ. 2011ರ ಮಾರ್ಚ್‌ನಲ್ಲಿ ಅಲ್ಲಿನ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಮೇಜಿನ ಮೇಲೆ, ಒಂದು ಪುಸ್ತಕದಿಂದ ಎದ್ದು ನಿಂತ ಕಾಗದದ ಮರ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಯಾರು ಇಟ್ಟರೆಂದು ತಿಳಿಯಲಿಲ್ಲ. ವರ್ಷ ಮುಗಿಯುವುದರೊಳಗೆ ಊರಿನ ಬೇರೆ ಬೇರೆ ಕಡೆ ಇಂಥ ಹತ್ತು ಶಿಲ್ಪಗಳು ಸಿಕ್ಕವು, ಎಲ್ಲವೂ ಹಳೆಯ ಪುಸ್ತಕದ ಹಾಳೆಗಳಿಂದ ಕತ್ತರಿಸಿ ಮಾಡಿದವು. ಗ್ರಂಥಾಲಯಗಳ ಮೇಲಿನ ಪ್ರೀತಿಯನ್ನು ಹೇಳುವ ಸಣ್ಣ ಚೀಟಿಗಳು ಜೊತೆಯಲ್ಲಿದ್ದವು. ಮಾಡಿದವಳು ಹೆಣ್ಣು ಎಂಬುದಷ್ಟು ಗೊತ್ತು. ಹೆಸರನ್ನು ಆಕೆ ಇಂದಿಗೂ ಬಿಟ್ಟುಕೊಟ್ಟಿಲ್ಲ.

ಆಕೆಯ ಆಯ್ಕೆಗಳನ್ನು ನೋಡಿ. ಚಿತ್ರಮಂದಿರಕ್ಕೆ ಕೊಟ್ಟದ್ದು, ಪರದೆಯಿಂದ ಕುದುರೆಗಳು ಹೊರಗೆ ನೆಗೆಯುತ್ತಿರುವ ಒಂದು ಕಾಗದದ ಚಿತ್ರಮಂದಿರ. ವಸ್ತುಸಂಗ್ರಹಾಲಯಕ್ಕೆ ಕೊಟ್ಟದ್ದು, ಕಾನನ್ ಡಾಯ್ಲ್ ಬರೆದ 'ದಿ ಲಾಸ್ಟ್ ವರ್ಲ್ಡ್' ಪುಸ್ತಕದಿಂದಲೇ ಎದ್ದು ಬರುವ ಡೈನೋಸಾರ್. ನೋಡಿದ ಕೂಡಲೇ "ಇದು ನಮಗೇ ಬಂದದ್ದು" ಅನ್ನಿಸಬೇಕು. ಆಮೇಲೆ ಯಾರ ಕೈಯೂ ತಡೆಯುವುದಿಲ್ಲ. ನನ್ನ ಪಟ್ಟಿ ಇಷ್ಟು ದೊಡ್ಡದಲ್ಲ. ಗ್ರಂಥಾಲಯದ ಓದುಮೇಜಿಗೆ ಪುಟಗುರುತು, ಶೆಟಲ್ ಆಡುವ ಉದ್ಯಾನದ ಬೆಂಚಿಗೆ ಹಕ್ಕಿ, ಸಂತೆಗೆ ಬರುವವರು ಕಾಯುವ ಬಸ್ ತಂಗುದಾಣಕ್ಕೆ ಬದನೆಕಾಯಿ.

6. ಇಲ್ಲಿ ಇಡಲೇಬೇಡಿ

ಮೆಟ್ರೊ, ರೈಲು, ವಿಮಾನ ನಿಲ್ದಾಣ, ನ್ಯಾಯಾಲಯ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟದೆ ತಿಳಿಸಿ ಎಂದು ಧ್ವನಿವರ್ಧಕ ಕೂಗುವ ಕಡೆ ನಿಮ್ಮ ಗಿಳಿ ಹತ್ತಾರು ಜನರ ಕೆಲಸ ಕೆಡಿಸುತ್ತದೆ. ಹಂಪಿ, ಬಾದಾಮಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಬೇಡ. ಗೋಡೆಗೆ, ಕಂಬಕ್ಕೆ ಅಂಟಿಸಬೇಡಿ. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಅಂಗಡಿಯ ಮುಂದೆ ಇಡುವುದಾದರೆ ಒಂದು ಮಾತು ಕೇಳಿ.

ಕಾಡಂತೂ ಬೇಡ. ಅಮೆರಿಕದ ಕೇಪ್ ಕಾಡ್ ತೀರದಲ್ಲಿ ಮೇಗನ್ ಮರ್ಫಿ 2015ರಲ್ಲಿ ಕಲ್ಲಿನ ಮೇಲೆ ಒಳ್ಳೆಯ ಮಾತು ಬರೆದು ಬಿಡಲು ಆರಂಭಿಸಿದ 'ಕೈಂಡ್‌ನೆಸ್ ರಾಕ್ಸ್' ಬಹಳ ಬೇಗ ಹರಡಿತು. ಆದರೆ ಬಣ್ಣದ ಕಲ್ಲುಗಳು ರಾಷ್ಟ್ರೀಯ ಉದ್ಯಾನಗಳೊಳಗೂ ಬಂದಾಗ, ತಂದದ್ದನ್ನು ಮರಳಿ ಒಯ್ಯಿರಿ ಎಂದು ಅಲ್ಲಿನ ಅಧಿಕಾರಿಗಳು ಹೇಳಬೇಕಾಯಿತು. ಅವರು ಹೇಳಿದ್ದು ಸರಿ. ಕುದುರೆಮುಖದ ಹಾದಿಗೆ ನಡೆಯಲು ಬಂದವರಿಗೆ ಅಲ್ಲಿನ ಕಲ್ಲು ಕಲ್ಲಾಗಿಯೇ ಕಾಣಬೇಕು.

7. ಹೊತ್ತು ನೋಡಿ ಇಡಿ

ಬೆಳಗಿನ ಜಾವ ಇಡುವುದು ನನ್ನ ಆರಂಭದ ತಪ್ಪು. ಆರೂವರೆಗೆ ಪೌರಕಾರ್ಮಿಕರು ಬರುತ್ತಾರೆ. ಗುಡಿಸುವವರ ಕೆಲಸಕ್ಕೆ ನಾವು ಭಾರವಾಗಬಾರದು. ಅವರು ಗುಡಿಸಿ ಹೋದ ಮೇಲೆ ಇಡಿ. ಬೆಂಚು ಸ್ವಚ್ಛವಾಗಿದ್ದರೆ ಅದರ ಮೇಲಿನ ವಸ್ತು ಕಸವಲ್ಲ ಎಂದು ತಾನಾಗಿ ತಿಳಿಯುತ್ತದೆ. ಒಂದನ್ನು ಅವರ ಕೈಗೇ ಕೊಟ್ಟು ಬಂದರೂ ಸಂತೋಷ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲ, ಜನ ನಿಧಾನವಾಗಿ ನಡೆಯುತ್ತಾರೆ. ನಿಧಾನ ನಡೆಯುವವರಿಗೇ ಸಣ್ಣದು ಕಾಣುವುದು.

ಅಮೆರಿಕದ ಆರಿಗನ್ ತೀರದ ಲಿಂಕನ್ ಸಿಟಿ ಎಂಬ ಊರು ಈ ಲೆಕ್ಕವನ್ನು ಚೆನ್ನಾಗಿ ಕಲಿತಿದೆ. ಹಿಂದೆ ಜಪಾನಿನ ಬೆಸ್ತರ ಬಲೆಗಳಿಂದ ಕಳಚಿದ ಗಾಜಿನ ತೇಲುಬುಡ್ಡೆಗಳು ಸಾಗರ ದಾಟಿ ಆ ಕಡಲ ತೀರಕ್ಕೆ ಬರುತ್ತಿದ್ದವಂತೆ. ಅದರ ನೆನಪಿಗೆ, 2000ನೇ ಇಸವಿಯ ಸ್ವಾಗತಕ್ಕೆಂದು ಕಲಾವಿದರು ಊದಿದ 2,000 ಗಾಜಿನ ಗೋಳಗಳನ್ನು ಮರಳಿನಲ್ಲಿ ಅಡಗಿಸಲು ತೊಡಗಿದರು. ಪದ್ಧತಿ ಇನ್ನೂ ನಡೆದಿದೆ. ಭರತದ ಗೆರೆಗಿಂತ ಮೇಲೆ, ದಂಡೆಯ ದಿಬ್ಬಕ್ಕಿಂತ ಕೆಳಗೆ, ಆ ಪಟ್ಟಿಯಲ್ಲಿ ಮಾತ್ರ ಇಡುತ್ತಾರೆ. ಅಲೆ ಕೊಚ್ಚಿಕೊಂಡು ಹೋಗಬಾರದು, ಹುಡುಕುವವರು ದಿಬ್ಬ ಹತ್ತಿ ಬೀಳಬಾರದು. ಪ್ರತಿಯೊಂದು ಜಾಗಕ್ಕೂ ಇಂಥ ಒಂದು ಗೆರೆಯುಂಟು. ನಮ್ಮ ಉದ್ಯಾನದಲ್ಲಿ ಅದು ನಾಯಿಯ ಬಾಯಿಗಿಂತ ಮೇಲೆ, ಮಗುವಿನ ಕಣ್ಣಿಗಿಂತ ಕೆಳಗೆ.

8. ಮಳೆಗೆ ತಾಳಲಿ, ಮಣ್ಣಿಗೆ ಸೇರಲಿ

ಮುಂಗಾರಿನಲ್ಲಿ ಕಾಗದ ಒಂದು ರಾತ್ರಿ ಬದುಕದು. ಸುಟ್ಟ ಮಣ್ಣು, ಮರ, ಒತ್ತಿ ಹೊಲಿದ ಕೌದಿಯ ತುಂಡು ಆಯ್ದುಕೊಳ್ಳಿ. ಚನ್ನಪಟ್ಟಣದ ಕುಶಲಿಗರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ಬಳಿ ಲೇತ್ ಇಲ್ಲದಿದ್ದರೂ ಆ ಪಾಠ ನೆನಪಿರಲಿ, ಬಣ್ಣ ಮೇಲೆ ಕೂರದೆ ಒಳಗೆ ಇಳಿಯಬೇಕು. ಮಿನುಗುಪುಡಿ ಬೇಡ. ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ ಕವರ್ ಹಸುವಿನ ಹೊಟ್ಟೆ ಸೇರುತ್ತದೆ. ಹತ್ತಿಯ ದಾರ ಸಾಕು. ಮೂರು ದಿನವಾದರೂ ಯಾರೂ ಒಯ್ಯದಿದ್ದರೆ ಹೋಗಿ ಮರಳಿ ತನ್ನಿ, ಬೇರೆ ಬೀದಿಯಲ್ಲಿ ಇಡಿ.

9. ಹೆಸರು ಇರಲಿ, ನಂಬರ್ ಬೇಡ. ಇಟ್ಟ ಮೇಲೆ ನಿಲ್ಲಬೇಡಿ

ಅನಾಮಿಕರಾಗಿಯೇ ಇರಬೇಕೆಂಬ ನಿಯಮವಿಲ್ಲ. ಸೋಮನಾಥಪುರದ ಕೇಶವ ದೇವಾಲಯದ ಎಷ್ಟೋ ಶಿಲ್ಪಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರನ್ನು ಕಡೆದಿದ್ದಾನೆ. ಏಳು ಶತಮಾನ ದಾಟಿದ ಮೇಲೂ ಅವನನ್ನು ಹೆಸರು ಹಿಡಿದು ಕರೆಯಲು ನಮಗೆ ಸಾಧ್ಯವಾಗಿದೆ. ನೀವೂ ತಳದಲ್ಲಿ ಒಂದು ಗುರುತು ಹಾಕಿ. ಮೊಬೈಲ್ ನಂಬರ್ ಮಾತ್ರ ಬರೆಯಬೇಡಿ. ನಿಮ್ಮ ಸುರಕ್ಷತೆ ಒಂದು ಕಾರಣ. ಇನ್ನೊಂದು, ನಂಬರ್ ಕಂಡರೆ ಇದು ಯಾವುದೋ ವ್ಯಾಪಾರ ಎಂದುಕೊಂಡು ಚಾಚಿದ ಕೈ ಹಿಂದೆ ಸರಿಯುತ್ತದೆ.

ಫೋಟೊ ಬೇಕಾದರೆ ಇಟ್ಟ ಕೂಡಲೇ ತೆಗೆಯಿರಿ. ಲಂಡನ್ನಿನ ಕಲಾವಿದ ಸ್ಲಿಂಕಾಚು 2006ರಿಂದ ಪುಟಾಣಿ ಮನುಷ್ಯರನ್ನು ಬೀದಿಯ ಬಿರುಕುಗಳಲ್ಲಿ ನಿಲ್ಲಿಸಿ, ಚಿತ್ರ ತೆಗೆದು, ಅವರನ್ನು ಅಲ್ಲೇ ಬಿಟ್ಟು ನಡೆಯುತ್ತ ಬಂದಿದ್ದಾರೆ. ಎತ್ತಿಕೊಳ್ಳುವವರ ವಿಡಿಯೊ ಮರೆಯಲ್ಲಿ ನಿಂತು ಮಾಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅವರ ಅಚ್ಚರಿ ಅವರದು.

ಅಶ್ವತ್ಥಕಟ್ಟೆಯ ಹತ್ತಿರ ಎರಡನೆಯ ಸಲ ಇಟ್ಟದ್ದು ಹಸಿರು ಗಿಳಿ, ದಪ್ಪಕ್ಷರದ ಚೀಟಿಯ ಜೊತೆ, ಕಟ್ಟೆಯ ಮೇಲಲ್ಲ, ಎದುರಿನ ಬೆಂಚಿನ ಮೇಲೆ. ಸಂಜೆ ಹೋದಾಗ ಬೆಂಚು ಖಾಲಿ. ಹೂವಿನಾಕೆಯನ್ನು ನಾನು ಏನೂ ಕೇಳಲಿಲ್ಲ, ಒಂದು ಮೊಳ ಕನಕಾಂಬರ ಕೊಂಡು ಬಂದೆ. ಈ ವಾರಕ್ಕೆ ಮೂರು ಆಮೆಗಳಿವೆ. ಒಂದರ ಬೆನ್ನಿನ ಬಣ್ಣ ಇನ್ನೂ ಒಣಗಿಲ್ಲ.