ಎರಡು ಶಾಲೆಗಳು, ಒಂದು ವಿದ್ಯಾಪೀಠ

ವಿದ್ಯಾಸಂಸ್ಥೆಗಳು ಒಂದುಗೂಡುವಾಗ ಒಂದರ ಹೆಸರು ಅಳಿಯಲೇಬೇಕೆಂಬ ನಿಯಮವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಉಚಿತ ಶಾಲೆಯು ಕ್ರಮೇಣ ಮಹಾರಾಜಾ ಕಾಲೇಜಾಯಿತು. 1858ರಲ್ಲಿ ಆರಂಭವಾದ ಬೆಂಗಳೂರು ಪ್ರೌಢಶಾಲೆಯು ಸೆಂಟ್ರಲ್ ಕಾಲೇಜಾಯಿತು. ಇವೆರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುದರಿಂದ, ನಮ್ಮ ಯಳಂದೂರು ಸೀಮೆಯಿಂದ ಮೈಸೂರಿಗೆ ಹೋಗಿ ಓದಿದವನಿಗೂ ಪದವಿಯು ಮದರಾಸಿನಿಂದಲೇ ಬರಬೇಕಾಗಿತ್ತು.

1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇವೆರಡನ್ನೂ ಅಂಗಗಳನ್ನಾಗಿಸಿಕೊಂಡು ಮೈಸೂರು ವಿಶ್ವವಿದ್ಯಾನಿಲಯವು ಉದಯಿಸಿತು. ಪಾಠಕ್ರಮ, ಪರೀಕ್ಷೆ, ಪದವಿ ಮೂರೂ ನಾಡಿನ ಕೈಗೆ ಬಂದವು. ಬಿಡಿಯಾಗಿ ದೊರೆಯದ ಸ್ವಾತಂತ್ರ್ಯವು ಕೂಡಿದುದರಿಂದ ದೊರೆಯಿತು. ಎರಡು ಕಾಲೇಜುಗಳ ಹೆಸರುಗಳೂ ಉಳಿದವು. 1964ರಲ್ಲಿ ಸೆಂಟ್ರಲ್ ಕಾಲೇಜು ಹೊಸ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ತನ್ನ ಹೆಸರಿನೊಡನೆಯೇ ಸೇರಿತು.

ಶಾಲೆಗಳನ್ನು ಕೂಡಿಸಹೊರಟ ದಾನಿಗಳೂ ಅಧ್ಯಾಪಕರೂ ಮನನ ಮಾಡತಕ್ಕ ವಿವೇಕವಿದು: ಹೆಸರುಗಳು ಉಳಿಯಲಿ, ಹೊಣೆ ಒಂದಾಗಲಿ.